ಕೆಹರವಾದಲ್ಲಿ ಜರ್ಮನ್

ಕೇಳುಗರಿಗೆ ನಮಸ್ಕಾರ.

ಸಂಜೆ ಹೊತ್ತು ಧಾರವಾಡದ ಯಾವುದಾದರೂ ಸಂಗೀತ ಕ್ಲಾಸಿಗೆ ಹೋಗಿ ಕೂತು ನೋಡಿ. ಮನೆಯಲ್ಲಿ ಅಚ್ಚ ಕನ್ನಡ ಆಡುವ ಮಕ್ಕಳು ಹಿಂದಿ ಸೀಮೆಯ ಬ್ರಜ ಭಾಷೆಯ ಬಂದಿಶ್, ಅಂದರೆ ಹಿಂದೂಸ್ತಾನಿ ಸಂಗೀತದ ರಚನೆ ಹಾಡುತ್ತಿರುತ್ತಾರೆ. ಅರ್ಥ ಪೂರ್ತಿ ಗೊತ್ತಿರುವುದಿಲ್ಲ, ಆದರೂ ಒಂದಕ್ಷರ ಆಚೀಚೆ ಆಗುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಖಯಾಲ್ ಹಾಡಿದ್ದೂ ಮನೆಮಾತಲ್ಲದ ಭಾಷೆಯಲ್ಲೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಬರೀ ಕಿವಿಯಿಂದ ಇಂಥ ಬಂದಿಶ್‌ಗಳನ್ನು ಗಟ್ಟಿ ಮಾಡಿಕೊಳ್ಳುತ್ತಾರೆ.

ಇಂಥ ಸೀಮೆಯವರು ನಾವು. ಆದರೆ ವಿದೇಶಿ ಭಾಷೆ ಕಲಿಯಲು ಕೂತಾಗ ಕಿವಿಯನ್ನು ಮರೆತೇಬಿಡುತ್ತೇವೆ. ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೊರಟ ಹುಡುಗ ಹುಡುಗಿಯರು ಪದಗಳ ಪಟ್ಟಿ ಹಿಡಿದು ರಾತ್ರಿಯೆಲ್ಲ ಬಾಯಿಪಾಠ ಮಾಡುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಒಂದು ಪ್ರಯೋಗ ಈಗಲೇ ಮಾಡೋಣ. ಜರ್ಮನ್‌ನಲ್ಲಿ ಎಂಟು ಸಣ್ಣ ಪದಗಳಿವೆ: ಔಸ್, ಔಸರ್, ಬೈ, ಮಿಟ್, ನಾಖ್, ಝೈಟ್, ಫೊನ್, ತ್ಸೂ. ಇವುಗಳ ನಂತರ ಬರುವ ಹೆಸರಿನ ವಿಭಕ್ತಿ ಬದಲಾಗುತ್ತದೆ. ಕಲಿಯುವವರಿಗೆ ದೊಡ್ಡ ತಲೆನೋವು ಇದು. ಎಂಟು ಪದ, ಕೆಹರವಾ ಎಂಬ ತಾಳಕ್ಕೂ ಎಂಟೇ ಮಾತ್ರೆ, ಅಂದರೆ ಎಂಟೇ ಎಣಿಕೆ, ಅಲ್ವಾ? ತೊಡೆಯ ಮೇಲೆ ತಾಳ ಹಾಕಿ. ಮಾತ್ರೆಗೊಂದು ಪದ ಇಡಿ. ‘ಔಸರ್’ ಸ್ವಲ್ಪ ಉದ್ದ, ಅದನ್ನು ಒಂದೇ ಮಾತ್ರೆಯೊಳಗೆ ಬೇಗ ಮುಗಿಸಬೇಕು. ಐದನೆಯದು ಖಾಲಿ, ಅಂದರೆ ತಟ್ಟದೆ ಕೈ ಬೀಸುವ ಮಾತ್ರೆ, ಅಲ್ಲಿ ‘ನಾಖ್’ ಬೀಳುತ್ತದೆ. ನಾಲ್ಕಾರು ಆವರ್ತನ ಆದ ಮೇಲೆ ನಾಲಿಗೆ ತಾನಾಗಿ ಓಡುತ್ತದೆ.

ಇದು ಬರೀ ನಮ್ಮ ಅನುಭವದ ಮಾತಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 60 ಜನರಿಗೆ ಹಂಗೇರಿಯನ್ ಭಾಷೆಯ ಕೆಲವು ಮಾತುಗಳನ್ನು ಕಲಿಸಿ ನೋಡಿದರು. ಕೆಲವರು ಸುಮ್ನೆ ಹೇಳಿ ಕಲಿತರು, ಕೆಲವರು ಲಯಕ್ಕೆ ಹೇಳಿ, ಉಳಿದವರು ಹಾಡಿ. ಸಿಕ್ಕಿದ್ದು ಎಲ್ಲರಿಗೂ 15 ನಿಮಿಷ. ಆಮೇಲೆ ಹಂಗೇರಿಯನ್‌ನಲ್ಲಿ ಹೇಳಿ ಎಂದಾಗ ಹಾಡಿ ಕಲಿತವರೇ ಮುಂದಿದ್ದರು. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೆ ನನ್ನ ಮುಖ್ಯ ಮಾತು ಮುಂದಿದೆ. ಹಾಡು ಪದವನ್ನು ಒಳಗೆ ಕಳಿಸುತ್ತದೆ. ಬೇಕಾದಾಗ ಹೊರಗೆ ತೆಗೆಯಲು ಹಾಡನ್ನು ಮುರಿಯಲೇಬೇಕು. ‘ಫೊನ್’ ಬೇಕೆಂದಾಗ ‘ಔಸ್’ನಿಂದ ಶುರು ಮಾಡಿ ಎಣಿಸುತ್ತಾ ಕೂತರೆ ಎದುರಿಗಿದ್ದವರು ಹೊರಟೇಹೋಗುತ್ತಾರೆ. ಅದಕ್ಕೇ ತಾಳ ಗಟ್ಟಿಯಾದ ಮೇಲೆ ಖಾಲಿಯಿಂದ ಶುರು ಮಾಡಿ. ಮೂರನೆಯ ಮಾತ್ರೆಯಿಂದ ಎತ್ತಿಕೊಳ್ಳಿ. ಕೊನೆಗೆ ತಾಳ ಬಿಟ್ಟು ಒಂದು ವಾಕ್ಯ: ‘ಇಖ್ ಫಾರೆ ಮಿಟ್ ಡೆಮ್ ಬುಸ್.’ ನಾನು ಬಸ್ಸಿನಲ್ಲಿ ಹೋಗುತ್ತೇನೆ. ‘ಡೆರ್ ಬುಸ್’ ಎಂಬುದು ‘ಮಿಟ್’ ಬಂದ ಕೂಡಲೇ ‘ಡೆಮ್ ಬುಸ್’ ಆಯಿತು ನೋಡಿ.

ಇನ್ನೊಂದು ಎಚ್ಚರ. ರಾಗ ಎಳೆಯುವ ಭರದಲ್ಲಿ ಹ್ರಸ್ವವನ್ನು ದೀರ್ಘ ಮಾಡಬೇಡಿ. ಕನ್ನಡದಲ್ಲಿ ಬಲ, ಬಾಲ ಬೇರೆ ಆದ ಹಾಗೆ ಜರ್ಮನ್‌ನಲ್ಲೂ ಅರ್ಥ ಬದಲಾಗುತ್ತದೆ.

ಹಾಡಿಗೆ ಬಗ್ಗದ ಸಂಗತಿಗಳೂ ಇವೆ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಕಾರಣ ಕೇಳಿ ಪ್ರಯೋಜನವಿಲ್ಲ. ಇದಕ್ಕೆ ನಮ್ಮ ಧಾರವಾಡ ಊರನ್ನೇ ಬಳಸಿಕೊಳ್ಳಿ. ಪುಲ್ಲಿಂಗದ ವಸ್ತುಗಳನ್ನೆಲ್ಲ ಮನಸ್ಸಿನಲ್ಲೇ ಜ್ಯುಬಿಲಿ ಸರ್ಕಲ್ಲಿಗೆ ಕಳಿಸಿ. ಸ್ತ್ರೀಲಿಂಗ ಪೇಡೆಗೆ ಹೆಸರಾದ ಲೈನ್ ಬಜಾರಿಗೆ, ನಪುಂಸಕ ಕೆ.ಸಿ.ಡಿ., ಅಂದರೆ ಕರ್ನಾಟಕ ಕಾಲೇಜಿನ ಮೈದಾನಕ್ಕೆ. ಆಳೆತ್ತರದ ಚಮಚವೊಂದು ಸರ್ಕಲ್ಲಿನಲ್ಲಿ ಟ್ರಾಫಿಕ್ ತಡೆದು ನಿಂತಿದೆ. ಫೋರ್ಕ್ ಪೇಡೆಯ ರಾಶಿಗೆ ಚುಚ್ಚಿಕೊಂಡಿದೆ. ಚಾಕು ಮೈದಾನದ ಹುಲ್ಲು ಕೊಯ್ಯುತ್ತಿದೆ. ಚಿತ್ರ ಎಷ್ಟು ವಿಚಿತ್ರವೋ ಅಷ್ಟು ಒಳ್ಳೆಯದು. ಜಾಗಕ್ಕೆ ನೆನಪನ್ನು ಕಟ್ಟುವ ಈ ಉಪಾಯ ಗ್ರೀಕರ, ರೋಮನ್ನರ ಕಾಲದಿಂದ ಬಂದದ್ದು.

ಕಲಿತದ್ದನ್ನು ಯಾವಾಗ ತಿರುಗಿ ನೋಡಬೇಕು? ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಬರೆದಿಟ್ಟ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನ. ಹಾಗಾಗಿ ಇವತ್ತು ಕಲಿತದ್ದನ್ನು ಮಲಗುವ ಮುಂಚೆ ಒಮ್ಮೆ, ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳಿ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಇದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಒಂದೊಂದು ಸ್ಟಾಪಿಗೆ ಎಂಟರಲ್ಲಿ ಒಂದು ಪದ ಹಿಡಿಯಿರಿ. ಮುಂದಿನ ಸ್ಟಾಪ್ ಬರುವುದರೊಳಗೆ ಅದಕ್ಕೊಂದು ವಾಕ್ಯ ಕಟ್ಟಿ. ಬಾಯಿಬಿಟ್ಟೇ ಹೇಳಿ, ಪಕ್ಕದವರು ತಿರುಗಿ ನೋಡಿದರೂ ಪರವಾಗಿಲ್ಲ.