ಗ್ಯಾಸ್ ಹೋಗಿದೆ ಎನ್ನುವ ಮೊದಲು

ಎಲ್ಲರಿಗೂ ನಮಸ್ಕಾರ.

ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಕರೆದ ಮನೆಯಲ್ಲಿ ನಾನು ಮೊದಲು ವಿಚಾರಿಸುವುದು ದೋಸೆ ಹಿಟ್ಟನ್ನು. ರಾತ್ರಿ ಒಳಗಿಟ್ಟ ಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತಿತ್ತೇ? ಮೂರು ನಾಲ್ಕು ಡಿಗ್ರಿಯಲ್ಲಿ ಹಿಟ್ಟು ಅಷ್ಟು ಬೇಗ ಉಬ್ಬುವುದಿಲ್ಲ. ಉಬ್ಬಿದೆ ಎಂದರೆ ಕೆಳಗಿನ ಅರೆ ಬೆಚ್ಚಗಾಗಿದೆ. ಆಮೇಲಿನ ಪ್ರಶ್ನೆ: ಮೇಲೆ ಫ್ರೀಜರ್‌ನಲ್ಲಿ ಐಸ್ ಕಟ್ಟುತ್ತಿದೆಯೇ? "ಐಸ್ ಕಲ್ಲಿನಂತಿದೆ, ಕೆಳಗೆ ಹಾಲು ಮಾತ್ರ ಒಡೆಯುತ್ತಿದೆ" ಎಂಬ ಉತ್ತರ ಬಂದರೆ ಅರ್ಧ ರೋಗ ಸಿಕ್ಕಂತೆ. ಇವತ್ತು ಹೆಚ್ಚಾಗಿ ಅದರ ಬಗ್ಗೆಯೇ ಮಾತನಾಡುತ್ತೇನೆ. ಏಕೆಂದರೆ ಈ ರೋಗಕ್ಕೆ ನಮ್ಮ ಊರುಗಳಲ್ಲಿ ಸಿಗುವ ಚಿಕಿತ್ಸೆ ಒಂದೇ: ಗ್ಯಾಸ್ ಹೋಗಿದೆ, ಹಾಕಿಸಿ.

ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರ್‌ನ ಗ್ಯಾಸ್‌ನಂತೆ ಖರ್ಚಾಗುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತು ಬಿದ್ದಿದೆ. ತೂತನ್ನು ಹುಡುಕದೆ ಗ್ಯಾಸ್ ತುಂಬುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಹಾಗಾದರೆ ಮೇಲೆ ಐಸ್, ಕೆಳಗೆ ಸೆಕೆ ಹೇಗೆ? ಫ್ರೀಜರ್ ಮೇಲಿರುವ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವ ಜಾಗ ಒಂದೇ. ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿ ಕೂಲಿಂಗ್ ಕಾಯಿಲ್ ಇರುತ್ತದೆ. ಅದರ ಮೇಲಿಂದ ಗಾಳಿಯನ್ನೆಳೆದು ಒಂದು ಪುಟ್ಟ ಫ್ಯಾನ್ ಮುಂದಕ್ಕೆ ತಳ್ಳುತ್ತದೆ. ಆ ಗಾಳಿಯ ಒಂದು ಪಾಲು ಮಾತ್ರ ಕೊಳವೆಯ ಮೂಲಕ ಕೆಳಗಿಳಿಯುತ್ತದೆ. ನಾವು ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ತೇವ ಆ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಕರಾವಳಿಯ ಮನೆಗಳಲ್ಲಿ ಇನ್ನೂ ಹೆಚ್ಚು. ಈ ಹಿಮವನ್ನು ಕರಗಿಸಲೆಂದೇ ಕಾಯಿಲ್‌ಗೆ ಒಂದು ಹೀಟರ್ ಅಂಟಿಕೊಂಡಿದೆ. ಟೈಮರ್ ಇಲ್ಲವೇ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ಆಗಾಗ ಹೊತ್ತಿಸುತ್ತದೆ. ಕಾಯಿಲ್ ಬೆಚ್ಚಗಾದೊಡನೆ ಬೈಮೆಟಲ್ ಎಂಬ ಬಿಲ್ಲೆಯಂಥ ಸ್ವಿಚ್ ಹೀಟರನ್ನು ಆರಿಸುತ್ತದೆ.

ಹೀಟರ್, ಟೈಮರ್ ಇಲ್ಲವೇ ಬೋರ್ಡ್, ಬೈಮೆಟಲ್: ಈ ಮೂರರಲ್ಲಿ ಒಂದು ಕೈಕೊಟ್ಟರೂ ಹಿಮ ದಿನದಿನವೂ ಬೆಳೆದು ಕಾಯಿಲ್‌ನ ತೆಳು ತಗಡಿನ ರೆಕ್ಕೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಗಾಳಿಗೆ ದಾರಿಯಿಲ್ಲ. ಕಾಯಿಲ್‌ಗೆ ಹತ್ತಿರವಿರುವ ಫ್ರೀಜರ್ ಇನ್ನೂ ತಣ್ಣಗಿರುತ್ತದೆ, ಕೆಳಗಿನ ಅರೆ ಮೊದಲು ಸೋಲುತ್ತದೆ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಫ್ರಿಜ್‌ಗೆ ಗ್ಯಾಸ್ ಹಾಕಿ ಹಣ ಪಡೆದೆ. ಫ್ರಿಜ್ ಚೆನ್ನಾಗಿ ನಡೆಯಿತು, ಮನೆಯವರು ಹರಸಿ ಕಳುಹಿಸಿದರು. ಹತ್ತೇ ದಿನಕ್ಕೆ ಮತ್ತೆ ಕರೆ ಬಂತು. ನಡೆದದ್ದೇನೆಂದರೆ, ನಾನು ಕೆಲಸ ಮಾಡಲೆಂದು ಫ್ರಿಜ್ ಇಡೀ ದಿನ ಆರಿತ್ತು, ಹಿಮವೆಲ್ಲ ಕರಗಿತ್ತು. ಗುಣಪಡಿಸಿದ್ದು ಆ ಒಂದು ದಿನದ ವಿಶ್ರಾಂತಿ. ಹೆಸರು ಬಂದದ್ದು ಗ್ಯಾಸ್‌ಗೆ. ಆ ಮನೆಯ ಹಣ ಹಿಂದಿರುಗಿಸಿದೆ. ಆದರೆ ಇದೇ ಭ್ರಮೆಯಲ್ಲಿ ಎರಡೆರಡು ಸಲ ಗ್ಯಾಸ್ ಹಾಕಿಸಿ ಕೊನೆಗೆ ಒಳ್ಳೆಯ ಫ್ರಿಜ್ಜನ್ನೇ ಗುಜರಿಗೆ ಕೊಟ್ಟವರನ್ನು ಕಂಡಾಗ ಇಂದಿಗೂ ಸಂಕಟವಾಗುತ್ತದೆ.

ಆದ್ದರಿಂದ ನೀವೇ ಮಾಡಬಹುದಾದ ಪರೀಕ್ಷೆ ಇದು. ಸಾಮಾನು ತೆಗೆದು, ಪ್ಲಗ್ ಕಿತ್ತು, ಬಾಗಿಲುಗಳನ್ನು ತೆರೆದು ಒಂದು ದಿನ ಪೂರ್ತಿ ಬಿಡಿ. ಕೆಳಗೆ ಹಳೆಯ ಟವೆಲ್ ಹಾಸಿ. ಮತ್ತೆ ಹಾಕಿದಾಗ ಕೆಲವು ದಿನ ಸರಿಯಾಗಿ ನಡೆದು ಪುನಃ ಕೆಟ್ಟರೆ ಡಿಫ್ರಾಸ್ಟ್ ಭಾಗವನ್ನೇ, ಅಂದರೆ ಹಿಮ ಕರಗಿಸುವ ಆ ಮೂರನ್ನೇ ಮೊದಲು ಶಂಕಿಸಿ. ಹಾಕಿ ಕೆಲವು ಗಂಟೆಗಳಾದರೂ ಫ್ಯಾನ್ ಸದ್ದೇ ಇಲ್ಲದಿದ್ದರೆ ಅದರ ಮೋಟರ್ ನೋಡಬೇಕು. ಕೆಲವು ಫ್ರಿಜ್‌ಗಳಲ್ಲಿ ಬಾಗಿಲು ತೆರೆದೊಡನೆ ಫ್ಯಾನ್ ನಿಲ್ಲುತ್ತದೆ, ಬಾಗಿಲಿನ ಸ್ವಿಚ್ ಒತ್ತಿ ಹಿಡಿದು ಕೇಳಿ. ಎರಡು ಅರೆಯೂ ಬೆಚ್ಚಗಿದ್ದು ಕೆಲವು ನಿಮಿಷಕ್ಕೊಮ್ಮೆ ಹಿಂದಿನಿಂದ 'ಟಿಕ್' ಎಂದರೆ ಗ್ಯಾಸನ್ನು ಸುತ್ತಿಸುವ ಕಂಪ್ರೆಸರ್ ಎದ್ದೇಳಲಾಗದೆ, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಬೀಳುತ್ತಿದೆ. ಕಾರಣ ಕಂಪ್ರೆಸರನ್ನು ಚಾಲೂ ಮಾಡುವ ರಿಲೇ ಇರಬಹುದು, ಬರೀ ಕಡಿಮೆ ವೋಲ್ಟೇಜೂ ಇರಬಹುದು.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದೆಯೇ? ಹಿಮವೇ ಹೇಳುತ್ತದೆ. ಮೆಕ್ಯಾನಿಕ್‌ಗೆ ಫ್ರೀಜರ್‌ನ ಹಿಂದಿನ ಹಲಗೆಯನ್ನು ನಿಮ್ಮೆದುರೇ ಬಿಚ್ಚಲು ಹೇಳಿ. ಕಾಯಿಲ್ ತುಂಬ ದಪ್ಪ ಹಿಮ ಸಮನಾಗಿ ಕೂತಿದ್ದರೆ ಗ್ಯಾಸ್ ಸರಿಯಾಗಿದೆ. ಕಾಯಿಲ್‌ನ ಮೊದಲ ಒಂದೆರಡು ಸುತ್ತುಗಳಿಗೆ ಮಾತ್ರ ಹಿಮ ಹಿಡಿದು ಉಳಿದದ್ದು ಬೋಳಾಗಿದ್ದರೆ ಸೋರಿಕೆಯ ಅನುಮಾನ ನ್ಯಾಯವಾದದ್ದು. ಆಗಲೂ ಕಂಪ್ರೆಸರ್ ಮೇಲಿನ ಚೀಟಿ ಓದಿ. ಆರ್ 600ಎ ಎಂದಿದ್ದರೆ ಅದು ಐಸೊಬ್ಯೂಟೇನ್, ಬೆಂಕಿ ಹತ್ತುವ ಅನಿಲ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುವಾಗ ಆ ಕೊಳವೆಯನ್ನು ಯಾರೂ ಮುಟ್ಟಕೂಡದು.

ಒಂದೇ ಬಾಗಿಲಿನ ಹಳೆಯ ಮಾದರಿ ಇರುವವರಿಗೆ ಒಂದು ಬೇಡಿಕೆ: ಫ್ರೀಜರ್‌ನ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಬೇಡಿ. ಆ ತೆಳು ಅಲ್ಯೂಮಿನಿಯಂ ಗೋಡೆಯೊಳಗೇ ಗ್ಯಾಸ್ ಓಡುತ್ತಿರುತ್ತದೆ.

ಈಗ ಮೇಜಿನ ಬಳಿ ಬನ್ನಿ. ಇಲ್ಲಿ ಎರಡು ಬೈಮೆಟಲ್ ಇವೆ, ಎರಡೂ ಒಳ್ಳೆಯವೇ. ಒಂದು ಹೊರಗೇ ಇತ್ತು, ಬೆಚ್ಚಗಿದೆ. ಮಲ್ಟಿಮೀಟರ್ ಇಟ್ಟರೆ ಸಂಪರ್ಕ ತೋರಿಸುವುದಿಲ್ಲ. ಇದನ್ನು ಕಂಡೇ ಅನೇಕರು ಕೆಟ್ಟಿದೆ ಎಂದು ಎಸೆಯುತ್ತಾರೆ. ಇನ್ನೊಂದನ್ನು ಅರ್ಧ ಗಂಟೆಯಿಂದ ಪಕ್ಕದ ಕೋಣೆಯ ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ತರಿಸುತ್ತೇನೆ, ಮೀಟರ್ ನೀವೇ ಹಿಡಿಯಿರಿ.