ಗೆಡ್ಡೆಗೆ ರಕ್ತ ಹರಿಯುವ ದಾರಿ

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್ ಗೆಡ್ಡೆ ಬೆಳೆಯಬೇಕಾದರೆ ರಕ್ತ ಬೇಕೇ ಬೇಕು. ಹೊಸ ರಕ್ತನಾಳ ಹುಟ್ಟದಂತೆ ತಡೆದರೆ ಗೆಡ್ಡೆಯನ್ನೂ ತಡೆಯಬಹುದು ಎಂದು ಬಾಸ್ಟನ್‌ನ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲಿ ಹೇಳಿದರು. ಅವರ ತಂಡ ಇದನ್ನು ಮೊಲದ ಕಣ್ಣಿನಲ್ಲಿ ತೋರಿಸಿತು. ಕಣ್ಣಿನ ಮುಂಭಾಗದ ನೀರಿನಲ್ಲಿ ತೇಲುತ್ತಿದ್ದ ಗೆಡ್ಡೆಯ ಚೂರು ಪುಟ್ಟದಾಗಿಯೇ ಉಳಿಯಿತು. ಅಂಥದ್ದೇ ಚೂರನ್ನು ಐರಿಸ್ ಮೇಲೆ, ಅಂದರೆ ಕಣ್ಣಿನ ಬಣ್ಣದ ಭಾಗದ ಮೇಲೆ, ಇಟ್ಟಾಗ, ರಕ್ತನಾಳ ಸಿಕ್ಕಿದ್ದೇ ತಡ, ಸರಸರನೆ ಬೆಳೆಯಿತು.

ಹಾಗಾದರೆ ರಕ್ತ ನಿಲ್ಲಿಸಿಬಿಟ್ಟರೆ ಸಾಕಲ್ವಾ? ಅಷ್ಟು ಸುಲಭವಲ್ಲ. ಕೀಮೋ ಔಷಧಿ ಗೆಡ್ಡೆಯೊಳಗೆ ಹೋಗುವುದೂ ರಕ್ತದ ಮೂಲಕವೇ. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಲು ಅಲ್ಲಿ ಆಮ್ಲಜನಕ ಇರಬೇಕು.

ಇನ್ನೊಂದು ತೊಡಕಿದೆ. ಗೆಡ್ಡೆಯ ರಕ್ತನಾಳಗಳು ಸೊಟ್ಟಸೊಟ್ಟ, ಸೋರುತ್ತವೆ. ಎಷ್ಟೋ ಕಡೆ ಅವಕ್ಕೆ ಸ್ನಾಯುವಿನ ಪದರವೇ ಇರುವುದಿಲ್ಲ. ಬಿಪಿ ಇಳಿಸುವ ಹೈಡ್ರಲಜೀನ್ ಕೊಟ್ಟ ಇಲಿಗಳಲ್ಲಿ ಇದು ಎದ್ದು ಕಂಡಿತು. ರಕ್ತನಾಳ ಹಿಗ್ಗಿಸುವ ಔಷಧಿ ಅದು. ಆದರೂ ಗೆಡ್ಡೆಗೆ ಹೋಗುವ ರಕ್ತ ಕಡಿಮೆಯಾಯಿತು! ಕೆಳಗಿನ ಮನೆಯವರೆಲ್ಲ ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನ ಮಹಡಿಗೆ ನೀರು ಏರುವುದಿಲ್ಲ, ಹಾಗೆ. ದೇಹದ ಬೇರೆ ನಾಳಗಳು ಹಿಗ್ಗಿದವು, ಗೆಡ್ಡೆಯವು ಹಿಗ್ಗಲಿಲ್ಲ.

ಕಾನ್ಪುರ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಬಾಸ್ಟನ್‌ನಲ್ಲಿ ನೆಲೆಸಿದ ರಾಕೇಶ್ ಜೈನ್ 2001ರಲ್ಲಿ ಬೇರೆಯದೇ ಮಾತು ಮುಂದಿಟ್ಟರು. ರಕ್ತನಾಳ ತಡೆಯುವ ಔಷಧಿಯನ್ನು ಹದವಾಗಿ ಕೊಟ್ಟರೆ ಸೊಟ್ಟ ನಾಳಗಳು ಕೆಲಕಾಲ ಸರಿಹೋಗುತ್ತವೆ, ಆಗ ಉಳಿದ ಚಿಕಿತ್ಸೆ ಒಳಗೆ ತಲುಪುತ್ತದೆ ಎಂದು. ಈ ಮಾತು ನನಗೆ ತುಂಬಾ ಹಿಡಿಸಿದೆ. ಇಲಿಗಳ ಮೆದುಳಿನ ಗೆಡ್ಡೆಯಲ್ಲಿ ಅವರ ತಂಡ ಇದನ್ನು ಕಂಡಿತು ಕೂಡ. ಔಷಧಿ ಕೊಟ್ಟ ಮೇಲಿನ ಕೆಲವೇ ದಿನ ಆಮ್ಲಜನಕ ಹೆಚ್ಚಿತು, ಆ ದಿನಗಳಲ್ಲಿ ಕೊಟ್ಟ ರೇಡಿಯೇಷನ್ ಜಾಸ್ತಿ ಫಲ ಕೊಟ್ಟಿತು. ಆಮೇಲೆ ಆ ಅವಕಾಶ ಮುಚ್ಚಿಹೋಯಿತು.

ನಮ್ಮ ಎಷ್ಟೋ ಮನೆಗಳಲ್ಲಿರುವ ಬಿಪಿ ಮಾತ್ರೆ ಲೋಸಾರ್ಟನ್ ಕೂಡ ಈ ಕಥೆಯಲ್ಲಿದೆ. ಗೆಡ್ಡೆಯೊಳಗಿನ ಗಟ್ಟಿ ನಾರು ರಕ್ತನಾಳಗಳನ್ನು ಅದುಮಿ ಮುಚ್ಚಿರುತ್ತದೆ. ಲೋಸಾರ್ಟನ್ ಆ ನಾರನ್ನು ಕಡಿಮೆ ಮಾಡಿ ನಾಳಗಳನ್ನು ಬಿಡಿಸುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಬಂತು. ದಯವಿಟ್ಟು ಇದನ್ನು ಕೇಳಿ ಯಾರೂ ಸ್ವಂತವಾಗಿ ಮಾತ್ರೆ ಶುರು ಮಾಡಬೇಡಿ. ಇಲಿಯ ಗೆಡ್ಡೆ ಕೆಲವೇ ವಾರಗಳಲ್ಲಿ ಬೆಳೆಯುತ್ತದೆ, ನಮ್ಮಲ್ಲಿ ವರ್ಷಗಳೇ ಹಿಡಿಯಬಹುದು. ಅಲ್ಲಿನ ಡೋಸು, ದಿನಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅದಕ್ಕೇ ರೋಗಿಗಳಲ್ಲಿ ಸ್ಕ್ಯಾನ್ ಮಾಡಿ, ಗೆಡ್ಡೆಯ ರಕ್ತದ ಹರಿವನ್ನು ನೇರವಾಗಿ ಅಳೆದು ನೋಡುವ ಅಧ್ಯಯನಗಳು ನಡೆಯುತ್ತಿವೆ.

ನಮಸ್ಕಾರ.