ಉರಿ ಎದ್ದಾಗ ಮೊದಲು ಕಲ್ಚರ್, ಆಮೇಲೆ ಮಾತ್ರೆ

ಕೇಳುಗರಿಗೆಲ್ಲ ನಮಸ್ಕಾರ. ಮಧ್ಯಾಹ್ನದ ಊಟ ಮುಗಿಸಿ ರೇಡಿಯೋ ಹಾಕಿಕೊಂಡಿರುವ ಅಮ್ಮಂದಿರಿಗೆ, ಅಕ್ಕಂದಿರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಉರಿಮೂತ್ರ ಅಂತ ಮೆಡಿಕಲ್ ಶಾಪಿಗೆ ಓಡುವ ಮೊದಲು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆಗೆ ಕೊಡಿ. ಮಾತ್ರೆ ಆಮೇಲೆ.

ಯಾಕೆ ಅಂತೀರಾ? ಉರಿಯೆಲ್ಲ ಸೋಂಕಲ್ಲ. ಕೆಲವರಿಗೆ ಮೂತ್ರಕೋಶವೇ ನೋಯುತ್ತದೆ. ತುಂಬುತ್ತಾ ಬಂದ ಹಾಗೆ ಕಿಬ್ಬೊಟ್ಟೆ ಹಿಂಡುತ್ತದೆ, ಒಂದಕ್ಕೆ ಹೋಗಿ ಬಂದರೆ ಸ್ವಲ್ಪ ಹಗುರ, ಅರ್ಧ ಗಂಟೆಗೆ ಮತ್ತೆ ಅವಸರ. ಆರು ವಾರ ದಾಟಿದರೂ ಇದು ಹೋಗದೆ, ಸೋಂಕಾಗಲಿ ಬೇರೆ ಕಾರಣವಾಗಲಿ ಸಿಗದಿದ್ದರೆ ಅದಕ್ಕೆ ಇಂಟರ್‌ಸ್ಟೀಶಿಯಲ್ ಸಿಸ್ಟೈಟಿಸ್ ಅನ್ನುತ್ತೇವೆ. ಹೊಸ ಕಾಯಿಲೆಯೇನಲ್ಲ. 1915ರಲ್ಲೇ ಅಮೆರಿಕದ ಗೈ ಹನ್ನರ್ ಎಂಬ ವೈದ್ಯರು ಮೂತ್ರಕೋಶದ ಒಳಗೋಡೆಯ ಮೇಲಿನ ಹುಣ್ಣುಗಳನ್ನು ವರ್ಣಿಸಿದ್ದರು. ಹುಣ್ಣು ಎಲ್ಲರಲ್ಲೂ ಇರುವುದಿಲ್ಲ, ನೋವು ಮಾತ್ರ ಇರುತ್ತದೆ. ಎಷ್ಟೋ ದಿನ ತಣ್ಣಗಿದ್ದು ಇದ್ದಕ್ಕಿದ್ದಂತೆ ಕೆರಳುತ್ತದೆ. ಕೆಲವು ಗಂಟೆಯಲ್ಲಿ ಅಡಗಬಹುದು, ವಾರಗಟ್ಟಲೆ ಕಾಡಲೂಬಹುದು.

ನನ್ನ ಹತ್ತಿರ ಒಬ್ಬ ಟೀಚರಮ್ಮ ಬಂದಿದ್ದರು. ಹಳ್ಳಿ ಶಾಲೆ, ದಿನಾ ಬಸ್ಸು. ಶೌಚಾಲಯದ ಚಿಂತೆಗೆ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಸುರಿದರು. ಖಾಲಿ ಆಂಟಿಬಯಾಟಿಕ್ ಸ್ಟ್ರಿಪ್ಪುಗಳ ರಾಶಿ, ಅದರಡಿಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ರಿಪೋರ್ಟುಗಳು. ಬಿಡಿಸಿ ನೋಡಿದರೆ ಒಂದೊಂದರಲ್ಲೂ ‘ನೋ ಗ್ರೋತ್’. ಅಂದರೆ ರೋಗಾಣು ಬೆಳೆದೇ ಇಲ್ಲ! ಯಾರೂ ಅವನ್ನು ಓದಿ ಹೇಳಿರಲಿಲ್ಲ.

“ಮಾತ್ರೆ ತಗೊಂಡ್ರೆ ಕಮ್ಮಿ ಆಗುತ್ತಲ್ಲ ಡಾಕ್ಟ್ರೇ?” ಅಂದರು. ಆಗುತ್ತಮ್ಮ, ತಗೊಳ್ಳದಿದ್ದರೂ ಆಗುತ್ತಿತ್ತು. ಕೆರಳಿದ್ದು ತಾನಾಗೇ ಇಳಿಯಿತು, ಹೆಸರು ಮಾತ್ರೆಗೆ ಬಂತು. ಈ ಮೋಸವನ್ನೇ ನಾನು ಹೇಳುತ್ತಿರುವುದು.

ಒಂದು ನೋಟ್‌ಬುಕ್ಕಿನಲ್ಲಿ ನೋವು ಎದ್ದ ದಿನ, ಹಿಂದಿನ ದಿನ ತಿಂದದ್ದು, ಮುಟ್ಟಿನ ದಿನಾಂಕ ಬರೆಯಲು ಹೇಳಿದೆ. ಟೀಚರಲ್ಲವೇ, ಗೆರೆ ಹಾಕಿ ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದರು. ಮುಟ್ಟಿಗೆ ಎರಡು ಮೂರು ದಿನ ಮುಂಚೆ ನೋವು. ಮದುವೆ ಮನೆಯಲ್ಲಿ ಪುಳಿಯೋಗರೆ, ಉಪ್ಪಿನಕಾಯಿ ತಿಂದ ಮಾರನೆಯ ದಿನ ನೋವು. ಪರೀಕ್ಷೆ ಪೇಪರ್ ತಿದ್ದುತ್ತಾ ಕೂತಲ್ಲೇ ಕೂತು, ಎರಡು ಲೋಟ ಹೆಚ್ಚಿಗೆ ಕಾಫಿ ಕುಡಿದ ವಾರ ನೋವೋ ನೋವು. ಇನ್ನೊಂದು ಕೇಳಿ: ಉರಿ ಎದ್ದಾಗೆಲ್ಲ ಅತ್ತೆ “ಉಷ್ಣ ಆಗಿದೆ” ಅಂತ ಅಕ್ಕರೆಯಿಂದ ನಿಂಬೆ ಪಾನಕ ಮಾಡಿಕೊಡುತ್ತಿದ್ದರು. ಕೆರಳಿದ ಮೂತ್ರಕೋಶಕ್ಕೆ ಹುಳಿ ಅಂದರೆ ತರಚಿದ ಕೈಗೆ ಖಾರದಪುಡಿ ಸವರಿದ ಹಾಗೆ. ಪಾನಕ ಬಿಟ್ಟರು, ಬರೀ ನೀರು ಗುಟುಕು ಗುಟುಕಾಗಿ ಕುಡಿದರು, ಕಿಬ್ಬೊಟ್ಟೆಗೆ ಬಿಸಿನೀರಿನ ಬ್ಯಾಗ್ ಇಟ್ಟುಕೊಂಡರು. ನೋವು ಪೂರ್ತಿ ಹೋಗಲಿಲ್ಲ, ಆದರೆ ಶಾಲೆಗೆ ರಜೆ ಹಾಕುವುದು ನಿಂತಿತು. ಎಲ್ಲರನ್ನೂ ಹುಳಿಯೇ ಕೆರಳಿಸುತ್ತದೆ ಅಂತಲ್ಲ, ನಿಮ್ಮ ಪುಸ್ತಕ ನೀವೇ ಬರೆಯಬೇಕು.

ಅಯ್ಯೋ, ಸಮಯ ಓಡುತ್ತಿದೆ. ಸೊಂಟದೊಳಗಿನ ಸ್ನಾಯುಗಳು ಬಿಗಿದುಕೊಂಡೂ ಈ ನೋವು ಬರುತ್ತದೆ. ಅಂಥವರು ಮೊಬೈಲ್ ನೋಡಿ, ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೀಗೆಲ್ ವ್ಯಾಯಾಮ ಮಾಡಬೇಡಿ, ಬಿಗಿದದ್ದು ಇನ್ನೂ ಬಿಗಿಯುತ್ತದೆ. ಅದನ್ನು ಸಡಿಲಿಸಲು ಕಲಿತ ಫಿಸಿಯೋಥೆರಪಿಸ್ಟರು ಇದ್ದಾರೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಗಂಡಸರಿಗೂ ಈ ನೋವು ಬರುತ್ತದೆ, ಪ್ರಾಸ್ಟೇಟ್ ಸೋಂಕು ಅಂತ ಅವರೂ ಮಾತ್ರೆ ನುಂಗುತ್ತಲೇ ಇರುತ್ತಾರೆ. ಔಷಧಿಗಳಿವೆ, ಮೂತ್ರಕೋಶದೊಳಕ್ಕೇ ಬಿಡುವ ದ್ರಾವಣಗಳೂ ಇವೆ, ಅವನ್ನು ನಿಮ್ಮ ವೈದ್ಯರ ಹತ್ತಿರ ಕೇಳಿ.

ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಲ್ಚರಿಗೆ ಕೊಡುವುದು ಮೊದಲ ಮಾತ್ರೆಗೆ ಮುಂಚೆ. ನುಂಗಿದ ಮೇಲೆ ಕೊಟ್ಟರೆ ಇದ್ದ ರೋಗಾಣುವೂ ಕಾಣಿಸದೆ ಹೋಗಬಹುದು. ಮೊದಲು ಸ್ವಲ್ಪ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ವರದಿಗೆ ಎರಡು ಮೂರು ದಿನ ಬೇಕು. ಆದರೆ ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡರೆ, ಗರ್ಭಿಣಿಯಾಗಿದ್ದರೆ ವರದಿಗೆ ಕಾಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹಳೆಯ ರಿಪೋರ್ಟುಗಳನ್ನೂ ತೆಗೆದುಕೊಂಡು ಹೋಗಿ, ಓದಿ ಹೇಳಿ ಅಂತ ಕೇಳಿ. ನಮಸ್ಕಾರ.